ಹಸಿ ಬಟ್ಟೆಯ ಮೇಲಿನ ಗೆರೆ

ನಮ್ಮ ಕಚೇರಿಯ ಸರ್ವೇಯರ್ ಸರ್ ನಿವೃತ್ತರಾಗಿ ಮೂರು ವರ್ಷವಾಯಿತು. ಹೋದ ವಾರ ಬೆಳಗಾವಿಯ ವಡಗಾವಿಯಲ್ಲಿರುವ ಅವರ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವರೇ, “ಬಾ ಯವ್ವಾ, ಒಳಗ ಬಾ, ಚಾ ಕುಡೀತಿ?” ಎಂದು ಕೇಳಿದ್ದು ಗಲ್ಲಿಯ ಆ ತುದಿಗೂ ಕೇಳಿಸಿರಬೇಕು. ಎದುರು ಮನೆಯ ಹೆಂಗಸು ಹೊಸ್ತಿಲಲ್ಲಿ ಕೂತೇ, “ನಮಗಿಲ್ಲೇನ್ರೀ ಕಾಕಾ ಚಾ?” ಎಂದು ಕೂಗಿದಳು. “ನೀ ಬೆಳಿಗ್ಗಿಂದ ಮೂರ ಸಲ ಕುಡದೀ, ನಾ ಎಣಿಸೇನಿ,” ಎಂದು ಇವರು ಕೂಗಿದರು.

ಮಗ್ಗದ ಸದ್ದಿನ ನಡುವೆ ಹುಟ್ಟಿ ಬೆಳೆದವರು ಅವರು. ತಂದೆ ನೇಕಾರರು. ಮನೆಯ ಎಡಕ್ಕೂ ಬಲಕ್ಕೂ ಇವತ್ತಿಗೂ ಮಗ್ಗಗಳಿವೆ. ಆ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವರ ಗಂಟಲು ದೊಡ್ಡದಾಗಿಯೇ ಉಳಿದುಬಿಟ್ಟಿದೆ. ಕಚೇರಿಯಲ್ಲಿ ಗುಟ್ಟಿನ ಕಡತವನ್ನು ಅವರ ಕೈಗೆ ಕೊಡುತ್ತಿದ್ದರೇ ಹೊರತು, ಗುಟ್ಟಿನ ಮಾತನ್ನು ಯಾರೂ ಅವರ ಹತ್ತಿರ ಆಡುತ್ತಿರಲಿಲ್ಲ.

ಅವರ ಬಗ್ಗೆ ಬರೆಯುತ್ತೇನೆ ಎಂದಾಗ, “ಬರಿ, ಹೆಸರ ಹಾಕಬ್ಯಾಡ. ತಪ್ಪು ಬರದ್ರ ನಾ ಕೆಂಪ ಪೆನ್ಸಿಲ್ ತಗೊಂಡ ಬರ್ತೀನಿ,” ಎಂದರು. ಹೆಸರು ಹಾಕುವುದಿಲ್ಲ. ಪೆನ್ಸಿಲಿನ ಭಯ ಮಾತ್ರ ಇದೆ.

ನಾನು ಅರಣ್ಯ ಕಚೇರಿಗೆ ಸೇರಿದ್ದು ಗುತ್ತಿಗೆಯ ಮೇಲೆ, ಜಿಐಎಸ್ ಸಹಾಯಕಿಯಾಗಿ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ತಯಾರಿಸುವ ಕೆಲಸಕ್ಕೆ. ನಮ್ಮ ಮನೆತನದಲ್ಲಿ ಪದವಿ ಪತ್ರವನ್ನು ಕೈಯಲ್ಲಿ ಹಿಡಿದವಳು ನಾನೇ ಮೊದಲು. ಅಪ್ಪ ಕುರಿ ಕಾಯುವವನು. ಅವ್ವ ಅವನ ಹಿಂದೆ ನಡೆಯಲಾರದ ಮರಿಗಳನ್ನು ಎತ್ತಿಕೊಂಡು ನಡೆದವಳು. ನಾನು ಹೈಸ್ಕೂಲಿಗೆ ನಡೆದೇ ಹೋದೆ. ಕಾಲೇಜಿಗೆ ಮಚ್ಛೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಣ್ಣನ ಒಂದೇ ಒಂದು ಕೋಣೆಯಿಂದ ಬಸ್ಸು ಹಿಡಿದೆ. ಅವನ ಪಾಳಿ ಬದಲಾದಂತೆ ನನ್ನ ಓದಿನ ಹೊತ್ತೂ ಬದಲಾಗುತ್ತಿತ್ತು. ಅವನು ಮಲಗಿದಾಗ ನಾನು ಹೊರಗೆ ಮೆಟ್ಟಿಲ ಮೇಲೆ, ಅವನು ಹೋದಾಗ ಒಳಗೆ. ಹೀಗೆ ಓದಿ ಭೂಗೋಳದಲ್ಲಿ ಸ್ನಾತಕೋತ್ತರ ಪದವಿ ಪಡೆದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ಪಡೆದದ್ದು.

ಮೊದಲ ದಿನ ಸರ್ವೇಯರ್ ಸರ್ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

“ಮನ್ಯಾಗ ಏನ ಮಾಡ್ತಾರ?”

“ಕುರಿ ಕಾಯ್ತಾರ್ರೀ ಸರ.” ತಲೆ ಎತ್ತಿಯೇ ಹೇಳಿದೆ. ಸಂದರ್ಶನದಲ್ಲಿ ಒಬ್ಬರು ಈ ಮಾತಿಗೆ ನಕ್ಕಿದ್ದರು. ಇವರೂ ನಗಲಿ, ನೋಡೋಣ ಎಂದು ಕಾದೆ.

ಇವರು ನಗಲಿಲ್ಲ. “ಅಂದ್ರ ನಿಮ್ಮಪ್ಪಗ ನಕಾಶಿ ಬೇಕಾಗಂಗಿಲ್ಲ. ನಿನಗ ಬೇಕಾಗೇತಿ. ಕುಂದರು, ಕಲಸ್ತೀನಿ.”

ಕಲಿಸಲು ಶುರು ಮಾಡಿದ್ದು ಕಂಪ್ಯೂಟರಿನಿಂದಲ್ಲ, ಪೆನ್ಸಿಲಿನಿಂದ. ಬ್ಲೇಡು ಕೊಟ್ಟು ಪೆನ್ಸಿಲ್ ಹೆರೆಯಲು ಹೇಳಿದರು. ಮೊನೆ ಸೂಜಿಯಂತಿರಬೇಕು, ಒಂದು ಬೆರಳುದ್ದ ಇರಬೇಕು. ನಾನು ಮೂರು ಮೊನೆ ಮುರಿದೆ.

“ಸರ, ಕಂಪ್ಯೂಟರಿನ್ಯಾಗ ಪೆನ್ಸಿಲ್ ಎಲ್ಲೈತ್ರೀ?”

“ಗೆರಿ ಐತಿಲ್ಲ? ಗೆರಿಗೆ ದಪ್ಪ ಇರ್ತೈತಿ. ನಮ್ಮ ಹಳೇ ನಕಾಶಿ ಒಂದ ಮೈಲಿಗೆ ನಾಕ ಇಂಚಿನವು. ಅದರಾಗ ಅರ್ಧ ಮಿಲಿಮೀಟರ್ ಗೆರಿ ಅಂದ್ರ ನೆಲದ ಮ್ಯಾಲ ಎಂಟ ಮೀಟರ್. ಎಂಟ ಮೀಟರಿನ್ಯಾಗ ಒಬ್ಬರ ಮನಿ ಹಿಡೀತೈತಿ. ನಿನ್ನ ಗೆರಿ ಕೆಳಗ ಯಾರದರ ಮನಿ ಸಿಗಬಾರದು, ಅಷ್ಟ.”

ನಮ್ಮ ಕೆಲಸವನ್ನು ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಹತ್ತು ವರ್ಷಕ್ಕೊಮ್ಮೆ ಕಾಡಿಗೊಂದು ಕಾರ್ಯಯೋಜನೆ ಬರೆಯುತ್ತಾರೆ. ಯಾವ ತುಂಡಿನಲ್ಲಿ ಬಿದಿರು ಬೆಳೆಸಬೇಕು, ಎಲ್ಲಿ ಬೆಂಕಿ ತಡೆಯುವ ಪಟ್ಟಿ ಸವರಬೇಕು, ಯಾವುದಕ್ಕೆ ಕೈಯನ್ನೇ ಹಚ್ಚಬಾರದು, ಎಲ್ಲ ಅದರಲ್ಲಿ ಇರುತ್ತದೆ. ಅದಕ್ಕೆ ಮೊದಲು ಕಾಡು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಗೊತ್ತಿರಬೇಕು. ಹಳೆಯ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಉಪಗ್ರಹದಿಂದ ತೆಗೆದ ಚಿತ್ರದ ಮೇಲೆ ಅಂಚಿಗೆ ಅಂಚು ಕೂಡುವಂತೆ ಹಾಸಿ, ಮೇಲೆ ಮತ್ತೆ ಹಳ್ಳ, ದಾರಿ, ಗಿಡಮರದ ವಿವರ ಹಾಸುತ್ತಾ ಹೋಗುವುದು ನನ್ನ ಪಾಲಿನ ಕೆಲಸ. ಕೌದಿ ಹೊಲಿದ ಹಾಗೆ. ಕೆಳಗಿನ ಪದರ ಸರಿದಿದ್ದರೆ ಮೇಲಿನದೆಲ್ಲ ಸರಿದಂತೆ.

ಆ ಕೆಳಗಿನ ಪದರ, ಅಂದರೆ ಖಾನಾಪುರ ಕಡೆಯ ಎಷ್ಟೋ ಹಳೆಯ ನಕ್ಷೆಗಳು, ಬಟ್ಟೆಯ ಮೇಲಿದ್ದವು. ಗಂಜಿ ಹಾಕಿ ಗಾಜಿನ ಹಾಗೆ ತೆಳ್ಳಗೆ ಮಾಡಿದ ಬಟ್ಟೆ. ಹಳೆಯ ಕಾಗದದ ನಕ್ಷೆಯ ಮೇಲೆ ಅದನ್ನು ಹರವಿ, ಶಾಯಿಯಲ್ಲಿ ಗೆರೆ ತಿದ್ದಿ ಪ್ರತಿ ತೆಗೆಯುತ್ತಿದ್ದರು. ಸರ್ ಇಲಾಖೆಗೆ ಸೇರಿದ್ದೇ ಆ ಕೆಲಸಕ್ಕೆ. ನೇಕಾರರ ಮಗನಿಗೆ ಬಟ್ಟೆಯ ಮೇಲೆ ನೌಕರಿ ಸಿಕ್ಕಿತು ಎಂದು ಓಣಿಯವರು ನಗುತ್ತಿದ್ದರಂತೆ.

ಅವರ ನಕ್ಷೆ ಕೋಣೆಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ಚಹಾ ಒಳಗೆ ಬರುವಂತಿಲ್ಲ. ಮಳೆ ಹಿಡಿದ ದಿನ ಕಪಾಟು ತೆಗೆಯುವುದೇ ಇಲ್ಲ. ದೊಡ್ಡ ಸಾಹೇಬರು ಬಂದು ಕೇಳಿದರೂ, “ಇವತ್ತ ಹವಾ ಹಸೀ ಐತ್ರಿ ಸಾಹೇಬ್ರ, ನಾಳಿ ಬರ್ರಿ,” ಎನ್ನುವುದೇ. ಬೆಳಗಾವಿಯ ಮಳೆಗಾಲದಲ್ಲಿ ನಾಳೆ ಎಂದರೆ ಗಣಪತಿ ಹಬ್ಬದ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು.

ಹೆಮ್ಮೆ ಇತ್ತು ಅವರಿಗೆ, ಅದನ್ನೂ ಬರೆಯಲೇಬೇಕು. ಬೇರೆಯವರ ನಕ್ಷೆ ನೋಡುವಾಗ ಭೂತಗನ್ನಡಿ ಒಂದು ಕೈಯಲ್ಲಿ, ಕೆಂಪು ಪೆನ್ಸಿಲ್ ಇನ್ನೊಂದರಲ್ಲಿ. ನನ್ನ ಬಾಜೂ ಕೂಡುತ್ತಿದ್ದ ಆಪರೇಟರನ ಒಂದು ನಕ್ಷೆಯನ್ನು ಏಳು ಸಲ ತಿರುಗಿಸಿ ಕಳಿಸಿದ್ದರು. ಅವನು ನನಗಿಂತ ಹತ್ತು ವರ್ಷ ಹಿರಿಯ, ಮನೆಮಾತು ಮರಾಠಿ, ಟಿಳಕವಾಡಿಯವನು, ಬಹಳ ನಯದ ಮನುಷ್ಯ. ಎಂಟನೆಯ ಸಲ ಅವನು ಕೈ ಮುಗಿದು, “ಸರ, ದೇವರಽ ಬಂದ ತೆಗದ್ರೂ ನೀವ ಕೆಂಪ ಹಚ್ಚತೀರಿ,” ಎಂದ. ಇವರು, “ದೇವರ ಗೆರಿ ನೋಡೇನಿ, ಹಳ್ಳ ಎಲ್ಲಾ ಸೊಟ್ಟ. ನನ್ನ ಗೆರಿ ನೋಡು. ಮೂವತ್ತೈದ ವರ್ಷ ಆತು, ಒಂದೂ ತಿರಗಿ ಬಂದಿಲ್ಲ,” ಎಂದರು. ಅದು ಜಂಬವಾದರೂ ಸುಳ್ಳಾಗಿರಲಿಲ್ಲ. ಅವರ ನಕ್ಷೆ ಎಂದರೆ ಯಾರೂ ಮರುತಪಾಸಣೆ ಮಾಡುತ್ತಿರಲಿಲ್ಲ.

ಒಮ್ಮೆ ಅಪ್ಪ ನನ್ನನ್ನು ನೋಡಲು ಕಚೇರಿಗೆ ಬಂದ. ಅರಣ್ಯ ಇಲಾಖೆಯ ಜೀಪು ಕಂಡರೆ ಕುರಿ ತಿರುಗಿಸಿಕೊಂಡು ಓಡಿದವನು ಅವನು. ಕಂಬಳಿ ಹೆಗಲ ಮೇಲೆ, ಬುತ್ತಿ ಚೀಲ ಕೈಯಲ್ಲಿ, ಬಾಗಿಲ ಹೊರಗೇ ನಿಂತುಬಿಟ್ಟಿದ್ದ. ಸರ್ ನೋಡಿ ಎದ್ದು ಹೋದರು.

“ಯಾಕ್ರೀ ಯಜಮಾನ್ರ, ಹೊರಗ ನಿಂತೀರಿ? ಕುರಿ ಏನ ಕರ್ಕೊಂಡ ಬಂದಿಲ್ಲಲ್ಲ?”

ಅಪ್ಪನಿಗೆ ಗಾಬರಿ. “ಇಲ್ರೀ ಸಾಹೇಬ್ರ. ಊರಾಗ ಬಿಟ್ಟ ಬಂದೇನ್ರಿ.”

“ಹಂಗಾರ ಬರ್ರಿ, ಕುಂದರ್ರಿ.” ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನನಗೆ ಉಪಗ್ರಹದ ಚಿತ್ರ ತೆಗೆಯಲು ಹೇಳಿದರು. ಅಪ್ಪ ಪರದೆಯನ್ನು ಮುಟ್ಟದೆ, ಒಂದು ಗೇಣು ದೂರದಿಂದಲೇ ಬೆರಳು ತೋರಿಸಿದ: “ಇದು ಹಳ್ಳ. ಇಲ್ಲಿ ಸುಗ್ಗಿ ಆದಮ್ಯಾಲ ನಾವು ಕುರಿ ನಿಲ್ಲಸ್ತೀವಿ. ಇಲ್ಲಿ ನೀರ ಇರಂಗಿಲ್ಲ, ಆದ್ರ ಕೈಲೆ ತೋಡಿದ್ರ ಬರತೈತಿ.” ಸರ್ ಬಗ್ಗಿ ನೋಡುತ್ತಾ, “ಯವ್ವಾ, ಬರ್ಕೋ, ನೀರಿನ ಜಾಗಾ,” ಎಂದರು. ನಿಜವಾಗಿಯೂ ಬರೆದುಕೊಂಡೆ. ಆ ವರ್ಷದ ಕೆಲಸಗಳ ಪಟ್ಟಿಯಲ್ಲಿ ಕಾಡುಪ್ರಾಣಿಗಳಿಗೆ ನೀರಿನ ಹೊಂಡ ತೋಡಲು ಗುರುತಿಸಿದ ಜಾಗಗಳಲ್ಲಿ ಅದೂ ಒಂದು. ಅಪ್ಪ ಊರಿಗೆ ಹೋಗಿ, ಇಲಾಖೆಯವರು ನನ್ನ ಕೇಳಿಯೇ ಹೊಂಡ ತೋಡುತ್ತಾರೆ ಎಂದು ಹೇಳಿಕೊಂಡು ತಿರುಗಿದ. ತಡೆಯಲು ನಾನು ಹೋಗಲಿಲ್ಲ.

ಸರ್ ನಿವೃತ್ತಿಗೆ ಇನ್ನೆರಡು ತಿಂಗಳಿದ್ದಾಗ ಆ ನಕ್ಷೆ ನನ್ನ ಮೇಜಿಗೆ ಬಂತು.

ಖಾನಾಪುರದ ಪಶ್ಚಿಮದ ಕಾಡಿನ ಒಂದು ಹಾಳೆ. ಕಾಡಿನ ನಡುವೆ ಎಮ್ಮೆ ಸಾಕುವ ಗೌಳಿಗಳ ಒಂದು ಸಣ್ಣ ವಸ್ತಿ ಇದೆ. ಸುತ್ತ ಅರಣ್ಯ, ನಡುವಿನ ತುಂಡು ಮಾತ್ರ ಅವರದು. ಹೀಗೆಂದು ಮೊದಲಿನಿಂದಲೂ ದಾಖಲೆಯಿದೆ. ಬಟ್ಟೆಯ ನಕ್ಷೆಯಲ್ಲಿ ಆ ತುಂಡಿನ ಸುತ್ತ ಗೆರೆ. ಕೆಲವು ವರ್ಷಗಳ ಹಿಂದೆ ಆ ಗೆರೆ ಹಿಡಿದು ಇಲಾಖೆ ಸಿಮೆಂಟಿನ ಗಡಿಕಂಬ ನೆಟ್ಟಿತ್ತು. ನೆಟ್ಟಾಗ ಪಶ್ಚಿಮದ ನಾಲ್ಕು ಮನೆಗಳು ಕಂಬದ ಆಚೆ ಉಳಿದವು, ಅಂದರೆ ಅರಣ್ಯದೊಳಗೆ. ಕಾಗದದಲ್ಲಿ ಅವು ‘ಒತ್ತುವರಿ’. ಆ ನಾಲ್ಕು ಮನೆಗೆ ಕರೆಂಟಿನ ತಂತಿ ಬರಲಿಲ್ಲ, ಮಾಡು ಬದಲಿಸಲು ಒಪ್ಪಿಗೆ ಸಿಗಲಿಲ್ಲ. ಈಗ ಹೊಸ ಯೋಜನೆ ಸಹಿಯಾದರೆ ಇನ್ನೂ ಹತ್ತು ವರ್ಷ ಹಾಗೆಯೇ.

ಇದೆಲ್ಲ ಆಮೇಲೆ ಗೊತ್ತಾದದ್ದು. ನನಗೆ ಮೊದಲು ಕಂಡದ್ದು ಒಂದು ಹಳ್ಳ. ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹಾಸಿದಾಗ ಪೂರ್ವದ ಅರ್ಧ ಸರಿಯಾಗಿ ಕೂತಿತು. ಪಶ್ಚಿಮಕ್ಕೆ ಹೋದಂತೆ ಸರಿಯುತ್ತಾ ಹೋಗಿ, ನಕ್ಷೆಯ ಹಳ್ಳ ಚಿತ್ರದ ಗುಡ್ಡದ ಮೇಲೆ ಹತ್ತಿ ಕೂತಿತು. ಮೊದಲು ನನ್ನನ್ನೇ ಬೈದುಕೊಂಡೆ. ಮನೆಯಲ್ಲಿ ಮೊದಲು ಓದಿದವರ ಅಭ್ಯಾಸ ಅದು, ಎಲ್ಲಿ ತಪ್ಪು ಕಂಡರೂ ನನ್ನದೇ ಇರಬೇಕು ಅನಿಸುತ್ತದೆ. ಮೂರು ದಿನ ಮತ್ತೆ ಮತ್ತೆ ಹಾಸಿದೆ. ಹಳ್ಳ ಗುಡ್ಡದಿಂದ ಇಳಿಯಲಿಲ್ಲ. ಅಳೆದರೆ ತೊಂಬತ್ತು ಮೀಟರಿನಷ್ಟು ಅಂತರ. ಕೊನೆಗೆ ನಕ್ಷೆಯ ಮೂಲೆ ದೊಡ್ಡದು ಮಾಡಿ, ಪ್ರತಿ ತೆಗೆದವರ ಸಹಿ ನೋಡಿದೆ. ಸರ್ ಅವರದೇ ಸಹಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಕಿದ್ದು, ಅಕ್ಷರ ಇನ್ನೂ ಎಳೆಯವು.

ಬಾಜೂ ಆಪರೇಟರ್ ಇಣುಕಿ ನೋಡಿದ. ಬಾಗಿಲ ಕಡೆ ತಿರುಗಿ ಮೆಲ್ಲಗೆ ಹೇಳಿದ:

“ಮೇಡಂ, ಕಂಬ ಹಿಡದ ಕೂಡಸ್ರಿ. ಕಂಬ ನಕಾಶಿ ನೋಡೇ ಹಾಕ್ಯಾರ, ಬರೋಬ್ಬರಿ ಕುಂದರತೈತಿ. ಹಳ್ಳದ ಮುಂದ ಒಂದ ಷರಾ ಬರೀರಿ, ‘ಹಳ್ಳವು ದಿಕ್ಕು ಬದಲಿಸಿದೆ’ ಅಂತ.”

“ಹಳ್ಳ ಗುಡ್ಡಾ ಇಳದ ಬಂದೈತೇನ್ರಿ?”

“ಯಾರ ಹೋಗಿ ಕೇಳ್ತಾರ್ರೀ ಹಳ್ಳಕ್ಕ? ಎರಡ ತಿಂಗಳಿಗೆ ರಿಟೈರ್ ಆಗೋ ಮನಶಾ. ಈಗ ಇದು ಹೊರಗ ಬಂದ್ರ ವಿಚಾರಣಿ ಅಂತ ಪೆನ್ಷನ್ ಕಾಗದ ನಿಲ್ತಾವ. ನಿಮಗ ಪೆನ್ಸಿಲ್ ಹಿಡಿಯಾಕ ಕಲಿಸಿದವರು ಅವರು. ಖರೇ ಹೇಳ್ತೀನಿ, ಮಾಡಬ್ಯಾಡ್ರಿ.”

ಅವನು ಕೆಟ್ಟದ್ದು ಹೇಳುತ್ತಿರಲಿಲ್ಲ. ನಾನೂ ಒಂದು ಮಧ್ಯಾಹ್ನ ಪೂರ್ತಿ ಆ ಷರಾ ಟೈಪು ಮಾಡಿ ಅಳಿಸಿದೆ. ಆಮೇಲೆ ಕಂಬ ನೆಟ್ಟ ಕಡತ ತರಿಸಿ ಓದಿ, ಉಪಗ್ರಹ ಚಿತ್ರದಲ್ಲಿ ಆ ನಾಲ್ಕು ಮಾಡುಗಳನ್ನು ನೋಡಿದೆ. ಕಂಬದ ಸಾಲಿನಿಂದ ಎಮ್ಮೆ ಕಟ್ಟುವಷ್ಟು ದೂರದಲ್ಲಿದ್ದವು. ಅವು ನಮ್ಮಪ್ಪನಂಥವರ ಮನೆಗಳು. ಎದ್ದು ನಕ್ಷೆ ಕೋಣೆಗೆ ಹೋದೆ.

ಸರ್ ಮೊದಲು ನಕ್ಕರು. ಆಮೇಲೆ ಪರದೆ ನೋಡಿ ಸಿಟ್ಟಾದರು. ಅವರ ಸಿಟ್ಟನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

“ನಿನ್ನ ಪರದಿ ಹಳ್ಳಾನ ಗುಡ್ಡಾ ಹತ್ತಸ್ತೈತಿ, ತಪ್ಪು ನನ್ನ ಗೆರಿದಾ? ಆಕಾಶದಾಗಿಂದ ಫೋಟೋ ತೆಗದಾಂವ ಬಂದ ಇಲ್ಲಿ ಕಾಲ ಇಟ್ಟಾನೇನು? ನಾ ಇಟ್ಟೇನಿ!”

ಕಚೇರಿ ಪೂರ್ತಿ ಕೇಳಿತು. ನನಗೆ ಅಳು ಬಂದಿತ್ತು, ಅಳಲಿಲ್ಲ. “ಸರ, ಪೂರ್ವದ ಕಡೆ ನಿಮ್ಮ ಗೆರಿ ಕೂದಲೆಳಿ ಸರದಿಲ್ರಿ. ಪಶ್ಚಿಮಕ್ಕ ಅಷ್ಟ ಸರದೈತಿ. ಯಾಕಂತ ನನಗ ಗೊತ್ತಾಗವಲ್ದು. ನೀವಽ ಹೇಳ್ರಿ,” ಎಂದೆ.

ಎರಡು ದಿನ ಅವರು ನನ್ನ ಮೇಜಿನ ಕಡೆ ಬರಲಿಲ್ಲ. ಮೂರನೆಯ ದಿನ ನಾನು ಬರುವ ಹೊತ್ತಿಗೆ ದಾಖಲೆ ಕೋಣೆಯ ನೆಲದ ಮೇಲೆ ಕೂತಿದ್ದರು. ಮುಂದೆ ಬಟ್ಟೆಯ ನಕ್ಷೆ, ಬಾಜೂ ಅದರ ಮೂಲ, ಗೆದ್ದಲು ಅರ್ಧ ತಿಂದು ಬಿಟ್ಟ ಕಾಗದದ ಹಾಳೆ. ಕೈಯಲ್ಲಿ ಅಳತೆಪಟ್ಟಿ.

“ಕುಂದರು,” ಎಂದರು. “ಇಲ್ಲಿ ನೋಡು. ಈ ಅರ್ಧ ನಾ ಬ್ಯಾಸಗ್ಯಾಗ ತೆಗದದ್ದು. ಬರೋಬ್ಬರಿ ಐತಿ. ಈ ಅರ್ಧ ತೆಗಿಯೂವಾಗ ಮಳಿ ಹತ್ತಿತ್ತು. ಖಾನಾಪುರ ಕಡೆ ಮಳಿ, ಗೋಡಿನೂ ಬೆವರತಾವ. ಹವಾ ಹಸೀ ಆದ್ರ ಗಂಜಿ ಬಟ್ಟಿ ಉಬ್ಬತೈತಿ. ಉಬ್ಬಿದ ಬಟ್ಟಿ ಮ್ಯಾಲ ನಾ ಗೆರಿ ಎಳದೆ. ಮುಂದ ಬಟ್ಟಿ ಒಣಗಿ ಕುಗ್ಗಿತು. ಗೆರಿನೂ ಅದರ ಜೋಡಿ ಕುಗ್ಗಿ ಈ ಕಡೆ ಬಂತು. ಎರಡ ವರ್ಷ ಆದಮ್ಯಾಲ ಒಬ್ಬ ಹಿರೇ ಮನಶಾ ನನಗ ಹೇಳಿದ, ಹಸೀ ಹವಾದಾಗ ಬಟ್ಟಿ ಮುಟ್ಟಬ್ಯಾಡಂತ. ಅವತ್ತಿಂದ ಮುಟ್ಟಿಲ್ಲ. ಆದ್ರ ಅದಕ್ಕಿಂತ ಮೊದಲ ತೆಗದದ್ದನ್ನ ತಿರಗಿ ನೋಡಬೇಕಂತ ತಲಿಗೆ ಹೊಳೀಲಿಲ್ಲ. ನೇಕಾರನ ಮಗಾ ನಾ. ಬಟ್ಟಿ ಕುಗ್ಗತೈತಿ ಅನ್ನೂದು ನಮ್ಮ ಮನ್ಯಾಗ ಕೂಸಿಗೂ ಗೊತ್ತೈತಿ.”

ಇದಿಷ್ಟನ್ನು ಅವರು ಹೇಳಿದ ದನಿ ಎದುರಿಗೆ ಕೂತ ನನಗೆ ಮಾತ್ರ ಕೇಳಿಸುವಷ್ಟಿತ್ತು.

“ಈಗೇನ್ ಮಾಡೂಣ್ರೀ ಸರ?”

“ಮಾಡೂದೇನು? ಹೋಗಿ ನೋಡೂಣು. ಬಟ್ಟಿನೂ ಸುಳ್ಳ ಹೇಳಬಹುದು, ನಿನ್ನ ಪರದಿನೂ ಸುಳ್ಳ ಹೇಳಬಹುದು. ಕಲ್ಲ ಹೇಳಂಗಿಲ್ಲ.”

ಮರುದಿನ ಖಾನಾಪುರಕ್ಕೆ ಬಸ್ಸಿನಲ್ಲಿ, ಅಲ್ಲಿಂದ ಇಲಾಖೆಯ ಜೀಪಿನಲ್ಲಿ, ಕೊನೆಗೆ ನಡೆದು ಆ ವಸ್ತಿಗೆ ಹೋದೆವು. ಗಡಿ ಗುರುತಿಗೆಂದು ಹಿಂದಿನವರು ಅಲ್ಲಲ್ಲಿ ಕಲ್ಲು ಪೇರಿಸಿ ಗುಪ್ಪೆ ಮಾಡಿದ್ದರೆಂದು ಹಳೆಯ ದಾಖಲೆಯಲ್ಲಿತ್ತು. ಪಶ್ಚಿಮದ ಗುಪ್ಪೆಗಳು ಮುಳ್ಳುಪೊದೆಯಲ್ಲಿ ಮುಚ್ಚಿ ಹೋಗಿ, ಇಲ್ಲವೆಂದೇ ಎಲ್ಲರೂ ತಿಳಿದಿದ್ದರು. ನನ್ನ ಕೈಯಲ್ಲಿ ಜಿಪಿಎಸ್. ಮೂಲ ಕಾಗದದಿಂದ ಲೆಕ್ಕ ಹಾಕಿ, ಗುಪ್ಪೆ ಇರಬೇಕಾದ ಜಾಗವನ್ನು ಅದರಲ್ಲಿ ತುಂಬಿಕೊಂಡು ಬಂದಿದ್ದೆ. ಅವರ ಕೈಯಲ್ಲಿ ಒಂದು ಕೋಲು. ನಾನು ದೂರ ಹೇಳುವುದು, ಅವರು ಪೊದೆಗೆ ಕೋಲು ಚುಚ್ಚುವುದು.

“ಇನ್ನ ಆರ ಮೀಟರ್ರಿ ಸರ. ಎಡಕ್ಕ. ಇಲ್ಲಿಂದ ಎರಡ.”

ಕೋಲು ಠಣ್ ಎಂದಿತು. ಪೊದೆ ಸವರಿದರೆ ಪಾಚಿ ಹಿಡಿದ ಗುಪ್ಪೆ, ನಡುವಿನ ಕಲ್ಲಿನ ಮೇಲೆ ಕೆತ್ತಿದ ಅಂಕಿ. ಸರ್ ಅಂಕಿಯ ಮೇಲೆ ಬೆರಳಾಡಿಸಿದರು. ಆಮೇಲೆ ಆ ಕಲ್ಲಿನ ಬಾಜೂ ಕೂತುಬಿಟ್ಟರು. ಅಲ್ಲಿಂದ ತಿರುಗಿ ನೋಡಿದರೆ ಆ ನಾಲ್ಕು ಮನೆಗಳು ಗಡಿಯಿಂದ ಎಷ್ಟೋ ಒಳಗೆ, ತಮ್ಮ ನೆಲದಲ್ಲೇ, ಆರಾಮಾಗಿ ಕೂತಿದ್ದವು. ಮಧ್ಯಾಹ್ನದೊಳಗೆ ಇನ್ನೂ ಎರಡು ಗುಪ್ಪೆ ಸಿಕ್ಕವು.

ಕೊನೆಯ ಮನೆಯ ಮುದುಕಿ ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದಳು. “ಮತ್ತ ಅಳಿಯಾಕ ಬಂದ್ರಿ?” ಎಂದಳು. “ಹ್ವಾದ ಸಲ ಅಳದ ಅಂಗಳಾ ಒಯ್ದ್ರಿ. ಈಗ ಒಲಿ ಒಯ್ತೀರೇನು?”

ಜೊತೆಗಿದ್ದ ಅರಣ್ಯ ರಕ್ಷಕ ಏನೋ ಹೇಳಲು ಹೋದ. ಸರ್ ಅವನನ್ನು ತಡೆದು ಮುಂದೆ ಹೋಗಿ ಏನೋ ಗೊಣಗಿದರು.

“ಕಾಯ್? ಜೋರಲೆ ಹೇಳು ಸಾಹೇಬಾ, ನನಗ ಕಿವಿ ಮಂದ,” ಎಂದಳು ಮುದುಕಿ. ಅವರಿಗೆ ಜೋರಾಗಿ ಮಾತಾಡು ಎಂದವರು ಈ ಜನ್ಮದಲ್ಲಿ ಅವಳೊಬ್ಬಳೇ ಇರಬೇಕು.

“ಈ ಗೆರಿ ಎಳದಾಂವ ನಾನಽ ಬಾಯೀ. ತಪ್ಪಿ ಎಳದೆ. ಈ ಜಾಗಾ ನಿಮ್ಮದಽ ಐತಿ.”

ಮುದುಕಿ ಅವರ ಹತ್ತಿರ ಬಂದಳು. “ನಮ್ಮ ಮನಿ ಮ್ಯಾಲ ಗೆರಿ ಎಳಿಯೂವಾಗ ನಿನ್ನ ಕೈ ನಡಗಿತ್ತೇನು?”

“ಇಲ್ಲ ಬಾಯಿ. ಮಳಿ ಇತ್ತು.”

“ಮಳಿ ನಮಗೂ ಇತ್ತು,” ಎಂದು ಅವಳು ಒಳಗೆ ಹೋದಳು.

ಸರ್ ಆ ಮಾತಿಗೆ ತಲೆಯಾಡಿಸಿದರು, ನ್ಯಾಯ ಎನ್ನುವಂತೆ. ಖಾನಾಪುರದ ಬಸ್ ನಿಲ್ದಾಣದಲ್ಲಿ, “ಮುದಕಿ ಖರೇ ಹೇಳಿದ್ಲು ನೋಡು,” ಎಂದರು.

ದೊಡ್ಡ ಸಾಹೇಬರು ಒಳ್ಳೆಯವರು. ನಮ್ಮಿಬ್ಬರನ್ನೂ ಕೂರಿಸಿ ಎಲ್ಲ ಕೇಳಿದರು. ಮೂಲ ಕಾಗದ, ಮೂರು ಗುಪ್ಪೆಗಳ ಫೋಟೋ, ಪರದೆಯ ಚಿತ್ರ ಎಲ್ಲ ನೋಡಿದರು. ಗಡಿಯನ್ನು ಬದಲಿಸುವ ಪ್ರಶ್ನೆಯೇ ಇಲ್ಲಿಲ್ಲ, ಗಡಿ ಇದ್ದಲ್ಲಿಗೆ ನಕ್ಷೆಯನ್ನು ತರಬೇಕು ಅಷ್ಟೇ ಎಂದು ಒಪ್ಪಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು:

“ನಿಮ್ಮ ನಿವೃತ್ತಿ ಹೊತ್ತಿನಲ್ಲಿ ಹಳೆಯ ವಿಷಯ ಯಾಕೆ ಕೆದಕಬೇಕು? ತಿದ್ದುಪಡಿ ಟಿಪ್ಪಣಿಯಲ್ಲಿ ‘ಸ್ಕ್ಯಾನಿಂಗ್ ದೋಷ’ ಎಂದು ಬರೆಯೋಣ. ಕೆಲಸ ಆಗುತ್ತದೆ, ಯಾರಿಗೂ ತೊಂದರೆಯಿಲ್ಲ.”

ನಿಜ ಹೇಳಬೇಕೆಂದರೆ, ಒಪ್ಪಿಬಿಡಲಿ ಎಂದೇ ಇತ್ತು ನನಗೆ. ಸ್ಕ್ಯಾನ್ ಮಾಡಿದವಳು ನಾನು, ಗುತ್ತಿಗೆಯವಳು, ಕಡತದಲ್ಲಿ ಹೆಸರೂ ಇರುವುದಿಲ್ಲ ಎಂದುಕೊಂಡೆ.

ಸರ್ ಮೇಜಿನ ಮೇಲೆ ಎರಡೂ ಕೈ ಊರಿದರು. “ಸಾಹೇಬ್ರ, ಸ್ಕ್ಯಾನ್ ಮಾಡಿದಾಕಿ ಇಲ್ಲೇ ಕುಂತಾಳ. ಆಕಿ ಕೆಲಸ ಹೋದ ಮೂರ ವರ್ಷದಾಗ ನಾ ಕೆಂಪ ಪೆನ್ಸಿಲ್ ಹಿಡದ ನೋಡೇನಿ. ಆಕಿ ಮನ್ಯಾಗ ಮೊದಲನೇ ಸಲ ಒಬ್ಬರು ಕಲತಾರ. ಆಕಿ ಮೊದಲನೇ ಕಡತದಾಗ ಇಲ್ಲದ ತಪ್ಪು ಬರಿಯೂಣೇನ್ರಿ? ನನ್ನ ಕಡತ ತುಂಬೈತಿ. ಅದಕ್ಕ ಒಂದ ಹಾಳಿ ಹೆಚ್ಚಾದ್ರ ಭಾರ ಆಗಂಗಿಲ್ಲ.”

ಅಲ್ಲೇ ಕೂತು ತಮ್ಮ ಕೈಯಲ್ಲೇ ಬರೆದರು. ಇಂಥ ಹಾಳೆಯ ಪಶ್ಚಿಮದ ಭಾಗವನ್ನು ಮಳೆಗಾಲದಲ್ಲಿ ಪ್ರತಿ ತೆಗೆದಿದ್ದರಿಂದ ಬಟ್ಟೆ ಉಬ್ಬಿ ಕುಗ್ಗಿ ಗಡಿರೇಖೆ ಸರಿದಿದೆ, ತಪ್ಪು ನನ್ನದು, ಇದನ್ನು ಕಂಡುಹಿಡಿದವರು ಇಂಥವರು ಎಂದು ನನ್ನ ಹೆಸರನ್ನು ಪದವಿಯ ಸಮೇತ ಬರೆದರು. ಸಹಿ ಹಾಕುವ ಮುಂಚೆ ನನಗೆ ಕೊಟ್ಟು, “ಓದು, ತಪ್ಪಿದ್ರ ಕೆಂಪ ಹಚ್ಚು,” ಎಂದರು. ನಾನು ಓದಿದೆ. ಒಂದು ಅಲ್ಪವಿರಾಮ ಬಿಟ್ಟಿದ್ದರು, ಹಾಕಿಕೊಟ್ಟೆ. ಸಾಹೇಬರು ನಕ್ಕು ಕಾಗದ ತೆಗೆದುಕೊಂಡರು.

ಆಪರೇಟರ್ ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ವಿವರಣೆ ಕೇಳಿ ಎರಡು ಪತ್ರ ಬಂದವು. ಅವರ ಪೆನ್ಷನ್ ಕಾಗದ ಐದಾರು ತಿಂಗಳು ತಡವಾದವು. ಬೀಳ್ಕೊಡುಗೆಯ ದಿನ ಯಾರೋ “ಮೂವತ್ತೈದು ವರ್ಷ ಒಂದು ಗೆರೆಯೂ ತಪ್ಪದ” ಎಂದು ಭಾಷಣ ಶುರು ಮಾಡಿದಾಗ ಅವರು ಕೂತಲ್ಲಿಂದಲೇ, “ಒಂದ ತಪ್ಪೈತ್ರಿ, ಮುಂದ ಹೇಳ್ರಿ,” ಎಂದು ಕೂಗಿದರು. ಎಲ್ಲರೂ ನಕ್ಕರು. ಹಾರ ಹಾಕುವಾಗ ಆಪರೇಟರ್ ಕಣ್ಣು ಒರೆಸಿಕೊಂಡ. “ಅಳಬ್ಯಾಡಪಾ, ನಿನ್ನ ನಕಾಶಿ ಇನ್ನ ಯಾರೂ ತಿರಗಿಸಿ ಕಳಸಂಗಿಲ್ಲ,” ಎಂದು ಸಮಾಧಾನ ಮಾಡಿದರು.

ತಿದ್ದಿದ ನಕ್ಷೆಗೆ ಮೇಲಿನಿಂದ ಒಪ್ಪಿಗೆ ಬಂದದ್ದು ಮರುವರ್ಷ, ಮಳೆ ನಿಂತ ಮೇಲೆ. ಕಂಬ ಕಿತ್ತು ಗುಪ್ಪೆಗಳ ಸಾಲಿಗೆ ಹಾಕುವ ದಿನ ನಾನು ಫೋನು ಮಾಡಿ ಸುಮ್ಮನೆ ಸುದ್ದಿ ಹೇಳಿದ್ದೆ. ಖಾನಾಪುರದಲ್ಲಿ ಜೀಪು ಹತ್ತಲು ಹೋದರೆ ಅವರು ನನಗಿಂತ ಮೊದಲೇ ಬಂದು ಕೂತಿದ್ದರು, ತಲೆಗೆ ಟವೆಲು ಸುತ್ತಿಕೊಂಡು. “ಟೇಪಿನ ಆ ತುದಿ ಹಿಡಿಯಾಕ ಒಬ್ಬರ ಬೇಕಲ್ಲ,” ಎಂದರು.

ದಿನವಿಡೀ ಟೇಪು ಹಿಡಿದರು. ಕೊನೆಯ ಕಂಬ ಆ ಮುದುಕಿಯ ಅಂಗಳದ್ದು. ಅದಕ್ಕೆ ಅವಳು ಎಮ್ಮೆ ಕಟ್ಟಿದ್ದಳು. ನಾಲ್ಕಾಳು ಸೇರಿ ಎಮ್ಮೆ ಬಿಚ್ಚಿ, ಕಂಬ ಅಲುಗಿಸಿ, ಮೇಲೆತ್ತಿದರು. ಎಂಟು ಹತ್ತು ಮಂದಿ ವಸ್ತಿಯವರು ನಿಂತು ನೋಡುತ್ತಿದ್ದರು. ಕರೆಂಟಿನ ಕಂಬ ಯಾವಾಗ ಬರುತ್ತದೆ ಎಂದು ಒಬ್ಬ ಕೇಳುತ್ತಿದ್ದ. ಅರ್ಜಿ ಹೇಗೆ ಬರೆಯಬೇಕು, ಯಾವ ನಕ್ಷೆಯ ಪ್ರತಿ ಲಗತ್ತಿಸಬೇಕು ಎಂದು ನಾನು ಅವನಿಗೆ ಹೇಳಿದೆ. ಮುದುಕಿಯ ಮುಖದಲ್ಲಿ ಮಾತ್ರ ಸಂತೋಷ ಕಾಣಲಿಲ್ಲ. ಹಗ್ಗ ಹಿಡಿದುಕೊಂಡು, ನೆಲದಲ್ಲಿ ಬಿದ್ದ ತಗ್ಗನ್ನೇ ನೋಡುತ್ತಾ ನಿಂತಿದ್ದಳು.

“ಏನಾತ ಬಾಯಿ? ಜಾಗಾ ತಿರಗಿ ಬಂತಲ್ಲ,” ಎಂದರು ಸರ್.

“ಜಾಗಾ ಬಂತು. ಇಷ್ಟ ಗಟ್ಟಿ ಕಂಬ ಕಿತ್ತ ಒಯ್ದ್ರಿ. ಈಗ ನನ್ನ ಎಮ್ಮಿ ಎಲ್ಲಿ ಕಟ್ಟಲಿ?”

ಸರ್ ಆ ಗುಡ್ಡಕ್ಕೆಲ್ಲ ಕೇಳುವ ಹಾಗೆ ನಕ್ಕರು. ಆಳಿನ ಕೈಯಿಂದ ಕೊಡಲಿ ಇಸಿದುಕೊಂಡು, ಕಡಿದು ಬಿದ್ದಿದ್ದ ಕೊಂಬೆಯೊಂದನ್ನು ತಾವೇ ಕೆತ್ತಿದರು. ಮೊನೆ ಉದ್ದವಾಗಿ, ಸೂಜಿಯಂತೆ ಬಂತು. ಅದನ್ನು ಕಂಬದ ತಗ್ಗಿನಲ್ಲೇ ನಿಲ್ಲಿಸಿ, ಸುತ್ತ ಕಲ್ಲು ಕೂಡಿಸಿ, ಬಡಿದು ಬಡಿದು ಇಳಿಸಿದರು. ಮುದುಕಿ ಬಂದು ಎರಡೂ ಕೈಯಿಂದ ಅಲುಗಿಸಿ ನೋಡಿದಳು. ಅಲುಗಲಿಲ್ಲ. ಎಮ್ಮೆ ತಂದು ಕಟ್ಟಿದಳು.

ನಾನು ಅಭ್ಯಾಸಬಲದಿಂದ ಗೂಟದ ಹತ್ತಿರ ಹೋಗಿ ಜಿಪಿಎಸ್ ಹಿಡಿದು ನಿಂತೆ, ಹೊಸ ಗುರುತು ಕಂಡಲ್ಲೆಲ್ಲ ಬೆಳಗಿನಿಂದ ಮಾಡುತ್ತಾ ಬಂದ ಹಾಗೆ. ಸರ್ ಬೆವರು ಒರೆಸಿಕೊಳ್ಳುತ್ತಾ ಕೂಗಿದರು:

“ಅದನ್ಯಾಕ ಬರ್ಕೋತೀ ಯವ್ವಾ? ಅದು ಎಮ್ಮಿದು!”